ತಾರವ್ವನ ಕೂಗು

ನಿಪ್ಪಾಣಿಯ ನಮ್ಮ ಬೀಡಿ ಸಂಘದಲ್ಲಿ, ಕಟ್ಟು ಒಪ್ಪಿಸಲು ಬಂದ ಹೆಂಗಸರನ್ನು ಲಿನಕ್ಸ್ ಕಂಪ್ಯೂಟರೇ ಹೆಸರು ಹಿಡಿದು ಕೂಗುತ್ತಿತ್ತು. ದನಿ ನನ್ನ ಗೆಳತಿ ತಾರವ್ವನದು; ತೀರಿಕೊಳ್ಳುವ ಮೊದಲು ಒಂದೊಂದು ಹೆಸರನ್ನೂ ಅವಳೇ ರೆಕಾರ್ಡ್ ಮಾಡಿದ್ದಳು. ಈಗ ಹೊಸ ಬಿಲ್ಲಿನ ಪ್ರೋಗ್ರಾಂ ಹಾಕಲು ಹೋದರೆ, ಅವಳ ದನಿಯಲ್ಲಿ ಕೂಗುವ ಆ ಹಳೆಯ ಪ್ರೋಗ್ರಾಂ ಇರುವ ತನಕ ಆಗುವುದಿಲ್ಲ ಎಂದಿತು ಕಂಪ್ಯೂಟರ್.

“ತಗದ ಬಿಡ್ರಿ ಅಕ್ಕಾರ, ಸತ್ತಾಕಿ ಕೈಲೆ ಇನ್ನೆಷ್ಟ ದಿನಾ ಕೂಗಸ್ತೀರಿ?” ಎಂದು ನಕ್ಕಳು, ಈ ವಾರವಷ್ಟೇ ಕೆಲಸಕ್ಕೆ ಸೇರಿದ ಮನಿಷಾ.

ತಾರವ್ವನದೆಂದು ನನ್ನ ಪಾಲಿಗೆ ಉಳಿದಿದ್ದು ಆ ದನಿಯೊಂದೇ. ಆದರೂ ತೆಗೆದುಹಾಕಿದೆ. ಸುಡುವ ಮಧ್ಯಾಹ್ನದಲ್ಲೂ ಕೀಬೋರ್ಡ್ ತಣ್ಣಗೆ ಕೊರೆಯುತ್ತಿತ್ತು. ಹೊಸ ಪ್ರೋಗ್ರಾಂ ತಕರಾರಿಲ್ಲದೆ ಕುಳಿತುಕೊಂಡಿತು.

ಸ್ಪೀಕರಿನ ವೈರು ಕಿತ್ತು ಕೈಗೆ ಸುತ್ತಿಕೊಳ್ಳುತ್ತಿದ್ದೆ. ತಾರವ್ವ ಕೂಗಿದಳು: “ಮನಿಷಾ, ಬಾ ಬೇ.”

ಅವಳಿದ್ದಾಗ ನಮ್ಮ ಸಂಘದಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ.