ಗಲಾಟೆ ಫೋಲ್ಡರ್

“ಅತ್ತೆ, ಇದು ಹೆಸರಾ, ಯಾರೋ ಸೀನಿದ್ದಾ?”

ಕಪ್ಪು ಪರದೆಯ ಮೇಲೆ ಅತ್ತೆ ಟೈಪ್ ಮಾಡಿದ್ದ ಎಂ, ಕೆ, ಐ, ಎಸ್, ಓ, ಎಫ್, ಎಸ್ ಎಂಬ ಅಕ್ಷರಗಳನ್ನು ಒಂದೇ ಉಸಿರಿಗೆ ಓದಲು ಹೋಗಿ ಅರಳು ಸೋತಿದ್ದಳು.

“ಹೆಸರೇ ಕಣೆ. ಸಿಡಿಗೆ ಬುತ್ತಿ ಕಟ್ಟೋ ಕಮ್ಯಾಂಡ್ ಇದು,” ಎಂದಳು ಅತ್ತೆ, ತುಟಿಯಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂ ತೆಗೆದು. “ನೋಡು, ಮೊದಲು ಕಮ್ಯಾಂಡ್ ಹೆಸರು. ಆಮೇಲೆ ಕಟ್ಟಿದ ಬುತ್ತಿಗೆ ಏನು ಹೆಸರಿಡಬೇಕು ಅಂತ. ಕೊನೇಲಿ, ಯಾವ ಫೋಲ್ಡರ್ ಕಟ್ಟಬೇಕು ಅಂತ. ಎಂಟರ್ ಹೊಡೆದ್ರೆ ಅದರಲ್ಲಿರೋದೆಲ್ಲ, ಸಿಡಿ ಮೇಲೆ ಹೇಗೆ ಕೂರಬೇಕೋ ಹಾಗೇ ಒಂದು ಫೈಲ್ ಆಗಿ ಕೂರುತ್ತೆ. ಅದಕ್ಕೆ ಇಮೇಜ್ ಅಂತಾರೆ.”

“ನೇರವಾಗಿ ಸಿಡಿಗೇ ಹಾಕಿದ್ರೆ ಆಗಲ್ವಾ?”

“ಸಿಡಿ ಮೇಲೆ ಒಂದು ಸಲ ಬರೆದ್ರೆ ಮುಗೀತು, ಅಳಿಸೋಕಾಗಲ್ಲ. ಇಮೇಜ್ ಆದ್ರೆ ತೆಗೆದು ಕೇಳಬಹುದು. ತಪ್ಪಿದ್ರೆ ಎಸೆದು ಇನ್ನೊಂದು ಕಟ್ಟಬಹುದು. ಅದಕ್ಕೇ ನಮ್ಮ ಅಂಗಡೀಲಿ ಇಮೇಜ್ ಕೇಳಿ ನೋಡದೆ ಯಾವ ಸಿಡೀನೂ ಬರೆಯಲ್ಲ.”

ಅತ್ತೆಯ ರಿಪೇರಿ ಅಂಗಡಿ ಮನೆಯ ಕೆಳಗೇ ಇತ್ತು. ಅಲ್ಲಿದ್ದ ಹತ್ತಾರು ಕಂಪ್ಯೂಟರುಗಳಲ್ಲಿ ಸಿಡಿ ಬರೆಯಲು ಬರುತ್ತಿದ್ದುದು ಮೂಲೆಯ ಒಂದು ಮುದಿ ಕಂಪ್ಯೂಟರಿಗೆ ಮಾತ್ರ. ಅದಕ್ಕೆ ಮೌಸ್ ಇಲ್ಲ, ಚಿತ್ರಗಳಿಲ್ಲ. ಎಲ್ಲವನ್ನೂ ಟೈಪ್ ಮಾಡಿಯೇ ಹೇಳಬೇಕು.

“ಇದಕ್ಕೆ ಬುದ್ಧಿ ಕಮ್ಮಿ, ನಿಯತ್ತು ಜಾಸ್ತಿ,” ಎಂದಳು ಅತ್ತೆ. “ನೀನು ಹೇಳಿದ್ದನ್ನ ಮಾಡುತ್ತೆ. ಮನಸ್ಸಲ್ಲಿ ಅಂದ್ಕೊಂಡಿದ್ದನ್ನ ಮಾಡಲ್ಲ.”

ಅರಳು ಎಂಬುದು ಸ್ಕೂಲಿನ ಹೆಸರಲ್ಲ. ಬಾಯಿ ತೆಗೆದರೆ ಅರಳು ಹುರಿದ ಹಾಗೆ ಮಾತಾಡುತ್ತಾಳೆಂದು ಅಜ್ಜಿ ಇಟ್ಟ ಹೆಸರು. ಸ್ಕೂಲಿನ ಹೆಸರು ಹಾಜರಿ ಕೂಗುವಾಗ ಬಿಟ್ಟರೆ ಬೇರೆ ಯಾವಾಗಲೂ ಕೆಲಸಕ್ಕೆ ಬರುತ್ತಿರಲಿಲ್ಲ.

ಅಜ್ಜಿಗೆ ಕಣ್ಣು ಕಾಣದಾಗಿ ಬಹಳ ಕಾಲವಾಗಿತ್ತು. ಕಿವಿ ಮಾತ್ರ ಭಾರಿ ಚುರುಕು. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಬ್ಬರ ಕರೆಯನ್ನು ಇನ್ನೊಬ್ಬರಿಗೆ ಜೋಡಿಸುವ ಆಪರೇಟರ್ ಆಗಿದ್ದವಳು ತಾನೇ. ಮೊಬೈಲ್ ಕೊಟ್ಟರೆ ಮಾತ್ರ, “ಗಾಜಿನ ಮೇಲೆ ಬೆರಳು ಎಲ್ಲಿಡಲಿ?” ಎಂದು ಹಿಂದಕ್ಕೆ ಕೊಡುತ್ತಿದ್ದಳು. ಅವಳಿಗೆ ಅವಳ ಹಳೆಯ ಎಂಪಿತ್ರೀ ಸಿಡಿ ಪ್ಲೇಯರೇ ಆಗಬೇಕು. ಅದರ ಬಟನ್‌ಗಳು ಒತ್ತಿದರೆ ಟಕ್ ಎನ್ನುತ್ತಿದ್ದವು.

ದಿನವೂ ಸ್ಕೂಲಿನಿಂದ ಬಂದ ಮೇಲೆ ಅರಳು ಅಜ್ಜಿಗೆ ಕತೆ ಓದಿ ಹೇಳಬೇಕು. ಈಗ ಒಂದು ವಾರ ಸ್ಕೂಲಿನ ಕ್ಯಾಂಪ್ ಬಂದಿತ್ತು. “ಹೋಗಿ ಬಾ, ಅಷ್ಟು ದಿನ ನಾನು ಗೋಡೆ ಜೊತೆ ಮಾತಾಡ್ಕೊಂಡಿರ್ತೀನಿ,” ಎಂದು ಅಜ್ಜಿ ತಮಾಷೆಗೆ ಹೇಳಿದ್ದಳು. ಎಲ್ಲರೂ ನಕ್ಕರು. ಅರಳುವಿಗೆ ನಗು ಬರಲಿಲ್ಲ.

ಅದಕ್ಕೇ ಅವಳು ಗುಟ್ಟಾಗಿ ಒಂದು ಕೆಲಸ ಹಚ್ಚಿಕೊಂಡಳು. ಲೈಬ್ರರಿಯಿಂದ ಹಡಗಿನ ಕತೆಯ ದಪ್ಪ ಪುಸ್ತಕ ತಂದು, ಕೋಣೆಯಲ್ಲಿ ಒಬ್ಬಳೇ ಕೂತು, ಅಮ್ಮನ ಫೋನಿಗೆ ಒಂದೊಂದೇ ಅಧ್ಯಾಯ ಓದಿ ರೆಕಾರ್ಡ್ ಮಾಡಿದಳು. ಓದು ಚೆನ್ನಾಗಿಯೇ ಬಂತು. ಆದರೆ ನಡುನಡುವೆ ಕಾಲಿಂಗ್ ಬೆಲ್ಲು, ಮಿಕ್ಸಿ, ಅವಳದೇ ಕೆಮ್ಮು, ಬೀದಿಯ ಕೂಗು ಎಲ್ಲ ಸೇರಿಕೊಂಡಿದ್ದವು. ಈ ರೆಕಾರ್ಡಿಂಗುಗಳಿದ್ದ ಫೋಲ್ಡರಿಗೆ ಅವಳು ‘ಗಲಾಟೆ’ ಎಂದು ಹೆಸರಿಟ್ಟಳು. ಬೇಡದ್ದನ್ನೆಲ್ಲ ಅತ್ತೆಯ ಜೊತೆ ಕೂತು ಕತ್ತರಿಸಿ, ಸರಿಮಾಡಿದ್ದನ್ನು ‘ಚೊಕ್ಕ’ ಎಂಬ ಇನ್ನೊಂದು ಫೋಲ್ಡರಿಗೆ ಹಾಕತೊಡಗಿದಳು.

ಚೊಕ್ಕ ಇನ್ನೂ ಮುಗಿದಿರಲಿಲ್ಲ. ಕಲಿಯಲೆಂದು ಅವಳು ಅವತ್ತು ಗಲಾಟೆಯನ್ನೇ ಕಟ್ಟಿ ನೋಡಿದಳು. ಕಪ್ಪು ಪರದೆಯ ಮೇಲೆ ಹತ್ತು, ಇಪ್ಪತ್ತು ಎಂದು ಪರ್ಸೆಂಟ್ ಏರಿ ನೂರಕ್ಕೆ ಹತ್ತಿರವಾದಾಗ ಅರಳು ಕುರ್ಚಿಯಲ್ಲೇ ಒಂದು ಸಲ ಕುಣಿದಳು.

“ಪ್ರಾಕ್ಟೀಸ್ ಆಯ್ತು. ನಿಜವಾದದ್ದನ್ನ ನಾಳೆ ಮಾಡು,” ಎಂದು ಅತ್ತೆ ಡ್ರಾಯರಿನಿಂದ ಒಂದು ಖಾಲಿ ಸಿಡಿ ತೆಗೆದಿಟ್ಟಳು. “ಇರೋದು ಇದೊಂದೇ. ಈಗ ಇದನ್ನ ಯಾವ ಅಂಗಡೀಲೂ ಮಾರಲ್ಲ.”

ಮರುದಿನ ಅರಳು ಅಂಗಡಿಗೆ ಓಡಿ ಬಂದಾಗ ಸಂಜೆಯಾಗಿತ್ತು. ಬೆಳಿಗ್ಗೆ ಎದ್ದರೆ ಕ್ಯಾಂಪಿನ ಬಸ್ಸು. ಬ್ಯಾಗ್ ತುಂಬಿಸಿರಲಿಲ್ಲ, ಟಾರ್ಚ್ ಸಿಕ್ಕಿರಲಿಲ್ಲ, ಮಹಡಿಯಿಂದ ಅಮ್ಮ ಎರಡು ಸಲ ಕರೆದಾಗಿತ್ತು. ಚೊಕ್ಕ ಫೋಲ್ಡರಿನ ಕೊನೆಯ ಅಧ್ಯಾಯ ಈಗಷ್ಟೇ ಮುಗಿದಿತ್ತು. ಅತ್ತೆ ಬಾಗಿಲ ಹತ್ತಿರ ಯಾರಿಗೋ ಅವರ ಪ್ರಿಂಟರ್ ಯಾಕೆ ಸತ್ತಿದೆ ಎಂದು ವಿವರಿಸುತ್ತಿದ್ದಳು.

ಆ ಸೀನಿನಂಥ ಹೆಸರನ್ನು ಮತ್ತೆ ಟೈಪ್ ಮಾಡುವವರು ಯಾರು? ಮೇಲ್ಮುಖದ ಬಾಣದ ಕೀ ಒತ್ತಿದರೆ ಹಿಂದೆ ಬರೆದ ಕಮ್ಯಾಂಡ್ ತಾನಾಗಿಯೇ ಬರುತ್ತದೆಂದು ಅವಳು ನಿನ್ನೆಯೇ ಕಂಡುಕೊಂಡಿದ್ದಳು. ಒತ್ತಿದಳು, ಬಂತು. ಎಂಟರ್ ಹೊಡೆದಳು. ಇಮೇಜ್ ಆಯಿತು.

“ಕೇಳಿ ನೋಡಿದ್ಯಾ?” ಎಂದಳು ಅತ್ತೆ, ಬಾಗಿಲಿನಿಂದಲೇ.

“ಹೂಂ, ಹೂಂ,” ಎಂದಳು ಅರಳು.

ಕೇಳಿರಲಿಲ್ಲ. ಅತ್ತೆ ಬಂದು ಸಿಡಿ ಬರೆದುಕೊಟ್ಟಳು.

ಅಜ್ಜಿ ಸಿಡಿಯನ್ನು ಅಂಗೈ ಮೇಲಿಟ್ಟುಕೊಂಡು, ಅಂಚನ್ನು ಬೆರಳಿನಿಂದ ಸುತ್ತ ಸವರಿದಳು. “ಇಡೀ ಪುಸ್ತಕಾನಾ? ನನಗೋಸ್ಕರ ಓದಿದ್ಯಾ?” ಎಂದು ಮತ್ತೆ ಮತ್ತೆ ಕೇಳಿದಳು. ಆಮೇಲೆ ತಾನೇ ಪ್ಲೇಯರಿಗೆ ಹಾಕಿ ಟಕ್ ಎಂದು ಒತ್ತಿದಳು.

“ಅಧ್ಯಾಯ ಒಂದು,” ಎಂದಿತು ಅರಳುವಿನ ದನಿ. “ಬಂದರಿನಲ್ಲಿ ಆ ದಿನ ಗಾಳಿ ಜೋರಾಗಿತ್ತು.” ಆಮೇಲೆ ಟ್ರಿಣ್ ಎಂದು ಕಾಲಿಂಗ್ ಬೆಲ್. “ಅಮ್ಮಾ, ಯಾರೋ ಬಂದ್ರು, ನೋಡು,” ಎಂದಿತು ಅದೇ ದನಿ.

ಅಜ್ಜಿ ನಕ್ಕಳು. ಅರಳು ಪ್ಲೇಯರಿನತ್ತ ಬಗ್ಗಿದಳು. ಆ ಬೆಲ್ಲನ್ನು ಅವಳೇ ಕತ್ತರಿಸಿ ತೆಗೆದಿದ್ದಳು. ಬಾಣದ ಕೀ ತಂದದ್ದು ನಿನ್ನೆಯ ಕಮ್ಯಾಂಡು. ಕೊನೆಯಲ್ಲಿ ನಿನ್ನೆಯದೇ ಫೋಲ್ಡರ್ ಹೆಸರು. ಸಿಡಿಯಲ್ಲಿ ಕೂತಿದ್ದು ಚೊಕ್ಕ ಅಲ್ಲ, ಗಲಾಟೆ.

ಬೆಲ್ಲು, ಮಿಕ್ಸಿ, ಕೆಮ್ಮು ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಏಳನೆಯ ಅಧ್ಯಾಯ?

ಏಳನೆಯದನ್ನು ಓದುತ್ತಿದ್ದಾಗ ಪಕ್ಕದ ಮನೆಯ ಗೆಳತಿ ಬೀದಿಯಿಂದ ಆಟಕ್ಕೆ ಕರೆದಿದ್ದಳು. ಅರಳು ರೆಕಾರ್ಡಿಂಗ್ ನಿಲ್ಲಿಸದೆಯೇ ಕಿಟಕಿಗೆ ಹೋಗಿ ಕೂಗಿ ಹೇಳಿದ್ದಳು: “ಬರೋಕಾಗಲ್ಲ ಕಣೆ. ಅಜ್ಜಿಗೆ ಓದಬೇಕು. ದಿನಾ ಇದೇ ಗೋಳು ನಂದು. ಹೋಮ್‌ವರ್ಕ್ ಆದ್ರೂ ಮುಗಿಯುತ್ತೆ, ನಮ್ಮಜ್ಜಿ ಮುಗಿಯಲ್ಲ.”

ಅವತ್ತು ಗೆಳತಿ ಬಿದ್ದು ಬಿದ್ದು ನಕ್ಕಿದ್ದಳು. ಅರಳುವಿಗೂ ತಾನು ಬಲು ಜೋರು ಮಾತಾಡಿದೆ ಅನ್ನಿಸಿತ್ತು.

“ಇವತ್ತಿಗೆ ಸಾಕು,” ಎಂದು ಅಜ್ಜಿ ಪ್ಲೇಯರ್ ನಿಲ್ಲಿಸಿದಳು. “ಉಳಿದದ್ದು ನೀನು ಹೋದ ಮೇಲೆ. ಎಲ್ಲ ಈಗಲೇ ಮುಗಿಸಿದ್ರೆ ಆಮೇಲೆ ನನಗೇನು ಉಳಿಯುತ್ತೆ?”

ಅರಳು ಒಂದೇ ಓಟಕ್ಕೆ ಅಂಗಡಿಗಿಳಿದಳು.

“ಅತ್ತೆ, ಬರೆದ ಸಿಡಿ ಅಳಿಸೋಕೆ ಏನಾದ್ರೂ ಕಮ್ಯಾಂಡ್ ಇದೆಯಾ?”

“ಇಲ್ಲ.”

“ಇನ್ನೊಂದು ಖಾಲಿ ಸಿಡಿ?”

“ಆರ್ಡರ್ ಮಾಡಿದ್ರೆ ಬರೋಕೆ ಒಂದು ವಾರ ಬೇಕು. ಯಾಕೆ?” ಅತ್ತೆ ಅವಳ ಮುಖ ನೋಡಿದಳು. “ಕೇಳಿ ನೋಡಿದೆ ಅಂದ್ಯಲ್ಲ?”

ಅರಳು ಮೆಟ್ಟಿಲ ಕಡೆ ತಿರುಗಿಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಕನ್ನಡ ಮೇಷ್ಟ್ರು ಬೋರ್ಡ್ ಮೇಲೆ ಬರೆಸಿದ್ದರು. ಹೋದ ಮಾತು ಹೀಗೆ ಸಿಡಿಯಲ್ಲಿ ಭದ್ರವಾಗಿ ಕೂತಿದ್ದರೆ ಏನು ಮಾಡಬೇಕೆಂದು ಅವರು ಹೇಳಿಕೊಟ್ಟಿರಲಿಲ್ಲ.

 ರಾತ್ರಿ ಮಲಗುವ ಮೊದಲು ಅವಳು ಒಂದು ಉಪಾಯ ಮಾಡಿದಳು. ಬೆಳಿಗ್ಗೆ ಅಜ್ಜಿ ಸ್ನಾನಕ್ಕೆ ಹೋದಾಗ ಸಿಡಿ ತೆಗೆದು, ಬೀಗದ ಕೈಯಿಂದ ಉದ್ದಕ್ಕೆ ಒಂದು ಗೀರು ಎಳೆದುಬಿಡುವುದು. ಕತೆ ಹೋಗುತ್ತದೆ. ಅಜ್ಜಿ ಒಂದು ವಾರ ಗೋಡೆಯ ಜೊತೆ ಮಾತಾಡುತ್ತಾಳೆ. ಆದರೆ ಆ ಮಾತು ಮಾತ್ರ ಅವಳ ಕಿವಿಗೆ ಬೀಳುವುದಿಲ್ಲ.

ಬೆಳಿಗ್ಗೆ ಅಜ್ಜಿ ಎಂದಿನಂತೆ, “ಬಾ, ತಲೆ ಬಾಚ್ತೀನಿ,” ಎಂದು ಕರೆದಳು. ಅರಳು ಅವಳ ಮುಂದೆ ನೆಲದ ಮೇಲೆ ಕೂತಳು. ಕೂದಲು ರಾತ್ರಿಯೆಲ್ಲ ಹೊರಳಾಡಿ ಗಂಟುಗಂಟಾಗಿತ್ತು. ಅಜ್ಜಿ ಒಂದೊಂದೇ ಗಂಟನ್ನು ಬುಡದಲ್ಲಿ ಹಿಡಿದುಕೊಂಡು, ನೋಯದ ಹಾಗೆ ತುದಿಯಿಂದ ಬಿಡಿಸುತ್ತ ಬಂದಳು.

“ಕ್ಯಾಂಪಿಂದ ಬಂದ ಮೇಲೆ ನಾವು ಓದೋ ಟೈಮ್ ಬದಲಾಯಿಸೋಣ ಕಣೆ,” ಎಂದಳು. “ಬೆಳಕಿರುವಾಗ ನೀನು ಆಡೋಕೆ ಹೋಗು. ಕತ್ತಲಾದ ಮೇಲೆ ಓದು. ನನಗೇನು, ಬೆಳಕು ಕತ್ತಲು ಎರಡೂ ಒಂದೇ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅರಳು ಬೆಚ್ಚಿದಳು. ಆದರೆ ಅಜ್ಜಿಯ ಬೆರಳು ನಿಲ್ಲಲಿಲ್ಲ. ಜಡೆ ಮುಗಿಸಿ, ತುದಿಗೆ ಬ್ಯಾಂಡ್ ಹಾಕಿ, ಬೆನ್ನು ತಟ್ಟಿ, ಅವಳು ಸ್ನಾನಕ್ಕೆ ಎದ್ದಳು.

ನೀರಿನ ಸದ್ದು ಕೇಳಿದ ಕೂಡಲೆ ಅರಳು ಬೀಗದ ಕೈ ಹಿಡಿದು ಪ್ಲೇಯರಿನ ಹತ್ತಿರ ಹೋದಳು. ಅದರ ಪುಟ್ಟ ಕಿಟಕಿಯಲ್ಲಿ ಹಸಿರು ಅಂಕಿಯೊಂದು ಹೊಳೆಯುತ್ತಿತ್ತು. ಕೇಳುತ್ತ ಯಾವ ಅಧ್ಯಾಯದಲ್ಲಿ ನಿಲ್ಲಿಸಿದರೋ ಆ ಅಧ್ಯಾಯದ ಅಂಕಿ ಅದು. ಒಂದು ಇರಬೇಕಾಗಿತ್ತು. ಎಂಟು ಇತ್ತು.

ಮುಚ್ಚಳ ತೆರೆಯುವ ಅಗತ್ಯವೇ ಉಳಿಯಲಿಲ್ಲ. ಅರಳು ಬೀಗದ ಕೈಯನ್ನು ಮೊಳೆಗೆ ತೂಗುಹಾಕಿ, ಅಜ್ಜಿಯ ಮಂಚದ ಮೇಲೆ ಕೂತಳು. ಅಳು ಬಂತು.

ಕೆಳಗೆ ಬಸ್ಸು ಹಾರ್ನ್ ಹೊಡೆಯುವ ಹೊತ್ತಿಗೆ ಅಜ್ಜಿ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು.

“ಅಜ್ಜಿ, ನೀನು ಎಂಟರವರೆಗೂ ಕೇಳಿದೀಯ.”

“ಕೇಳಿದೆ. ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿ ಹಡಗು ಬೇರೆ ಮುಳುಗ್ತಾ ಇತ್ತು, ಹೇಗೆ ಬಿಡಲಿ?”

“ಏಳನೇದರಲ್ಲಿ ನಾನು…”

ಅಜ್ಜಿ ಕೈಯಾಡಿಸಿ ಅವಳ ಕೆನ್ನೆ ಹುಡುಕಿಕೊಂಡಳು. ಕೆನ್ನೆ ಒದ್ದೆಯಾಗಿತ್ತು. “ಎಕ್ಸ್‌ಚೇಂಜಲ್ಲಿ ದಿನಾ ಯಾರ್‍ಯಾರದೋ ಮಾತು ಕಿವಿಗೆ ಬೀಳ್ತಿತ್ತು. ನಮಗೆ ಅಂತ ಆಡದೇ ಇರೋ ಮಾತನ್ನ ನಾವು ಅಲ್ಲೇ ಬಿಟ್ಟು ಬರ್ತಿದ್ವಿ.”

“ಆದ್ರೂ ಕೇಳಿಸ್ತಿತ್ತಲ್ವಾ?”

ಅಜ್ಜಿ ಹೆಬ್ಬೆರಳಿನಿಂದ ಅವಳ ಕೆನ್ನೆ ಒರೆಸಿದಳು. “ಕೇಳಿಸ್ತಿತ್ತು,” ಎಂದಳು.

ಅರಳು ಬ್ಯಾಗ್ ಸಮೇತ ಅವಳ ಸೊಂಟ ತಬ್ಬಿಕೊಂಡಳು. ಬಸ್ಸು ಮತ್ತೆ ಹಾರ್ನ್ ಹೊಡೆಯಿತು. “ಹೋಗು, ಡ್ರೈವರ್ ಬೈತಾನೆ,” ಎಂದಳು ಅಜ್ಜಿ. ಆದರೆ ಕೈ ಬಿಟ್ಟಿದ್ದು ಸ್ವಲ್ಪ ತಡೆದು.

ಬಸ್ಸಿನಲ್ಲಿ ಪಕ್ಕದ ಮನೆಯ ಗೆಳತಿ ಕಿಟಕಿಯ ಸೀಟು ಹಿಡಿದಿಟ್ಟಿದ್ದಳು. ಅರಳು ಕೂತ ಮೇಲೆ ಅವಳು ಹಿಂದಕ್ಕೆ ಬಾಗಿ ನೋಡಿದಳು.

“ನಿನ್ನ ಜಡೆ ಎಷ್ಟು ನೀಟಾಗಿದೆ. ನಮ್ಮಮ್ಮ ಹಾಕಿದ್ದು ಆಗಲೇ ಬಿಚ್ಚಿಹೋಯ್ತು. ಯಾರು ಹಾಕಿದ್ದು?”

“ನಮ್ಮಜ್ಜಿ.”

“ಅವರಿಗೆ ಕಣ್ಣು ಕಾಣಲ್ಲ ಅಲ್ವಾ?”

ಅರಳು ಜಡೆಯನ್ನು ಮುಂದಕ್ಕೆ ತಂದುಕೊಂಡಳು. ಒಂದು ಎಳೆಯೂ ಆಚೀಚೆ ಆಗಿರಲಿಲ್ಲ. ಎಲ್ಲೂ ಬಿಗಿದು ನೋಯುತ್ತಿರಲಿಲ್ಲ. ಅಜ್ಜಿ ಏಳನೆಯ ಅಧ್ಯಾಯ ಕೇಳಿದ್ದು ನಿನ್ನೆ ರಾತ್ರಿ. ಈ ಜಡೆ ಹೆಣೆದದ್ದು ಇವತ್ತು ಬೆಳಿಗ್ಗೆ.

ಗೆಳತಿ ಇನ್ನೂ ಏನೇನೋ ಕೇಳುತ್ತಿದ್ದಳು. ಅರಳು ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.