ಕರೆಯುವ ಮುಂಚಿನ ಉಸಿರು

ಟ್ಯಾಬ್ ತೆರೆದು ನೋಡಿದರೆ ಮಗುವಿನ ವಿಡಿಯೋಗಳಲ್ಲಿ ಅರ್ಧಕ್ಕರ್ಧ ಮಾಯ!

ಹಡಗಿನ ಎಂಜಿನಿಯರು ಅದನ್ನು ಕಂಡವರೇ ನೇರವಾಗಿ ನನ್ನ ಸ್ಟುಡಿಯೋಗೆ ಬಂದರು. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದು ಹೋದ ವಾರವಷ್ಟೇ ಮನೆ ಸೇರಿದವರು. ಅದಕ್ಕೂ ಮುಂಚೆ ಹಡಗಿನಿಂದಲೇ ಫೋನ್ ಮಾಡಿ, ಮಗನ ಮೊದಲ ವರ್ಷದ ಚಿತ್ರವೊಂದನ್ನು ಹೆಂಡತಿಗೆ ಗೊತ್ತಾಗದಂತೆ ಮಾಡಿಕೊಡಿ ಎಂದಿದ್ದರು. ಆಕೆ ಡ್ಯೂಟಿಗೆ ಹೋಗಿದ್ದಾಗ ಮಗು ನೋಡಿಕೊಳ್ಳುವ ಆಯಮ್ಮನಿಂದ ಟ್ಯಾಬ್ ಇಸಿದುಕೊಂಡು ನಾನು ಎಲ್ಲವನ್ನೂ ಕಾಪಿ ಮಾಡಿಕೊಂಡಿದ್ದೆ.

“ಕಾಪಿ ಮಾಡೋವಾಗ ನೀವೇ ಅಳಿಸಿಬಿಟ್ರಾ?”

“ಅಯ್ಯೋ, ನನ್ನ ತಲೆಗೆ ಕಟ್ಟಬೇಡಿ! ನನ್ನ ಹತ್ರ ಎಲ್ಲಾ ಭದ್ರವಾಗಿದೆ.”

“ಹಾಗಾದ್ರೆ ಇದು ಆಯಮ್ಮಂದೇ ಕೆಲಸ. ಮಗೂಗೆ ಏನೋ ಮಾಡಿದಾಳೆ, ಮುಚ್ಚಿಹಾಕ್ತಿದಾಳೆ. ನನ್ನ ಮಗ ನನ್ನ ಮುಖಾನೇ ನೋಡಲ್ಲ ಸ್ವಾಮಿ! ನಾಳೆ ಬರೋವಾಗ ಮನೇಲಿ ತೆಗೆದ ವಿಡಿಯೋ ತನ್ನಿ ಅಂತ ಮಕ್ಕಳ ಡಾಕ್ಟರು ಹೇಳಿದಾರೆ. ನಿಮ್ಮ ಹತ್ರ ಇಲ್ದಿದ್ರೆ ಏನು ತೋರಿಸ್ತಿದ್ದೆ? ಇವತ್ತೇ ಅವಳನ್ನ ಆಚೆ ಹಾಕ್ತೀನಿ.”

“ಆಚೆ ಹಾಕೋದಕ್ಕೇನು, ಒಂದು ನಿಮಿಷದ ಕೆಲಸ. ಮೊದಲು ನೋಡೋಣ, ನಡೀರಿ,” ಎಂಬ ದನಿ ಮೂಲೆಯಿಂದ ಬಂತು.

ಮೂಲೆಯ ಸ್ಟೂಲಿನ ಮೇಲೆ ಟೀ ಕುಡಿಯುತ್ತಿದ್ದವರು ಇನ್‌ಸ್ಪೆಕ್ಟರಮ್ಮ. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿದ್ದಾರೆ. ಗದರಲು ಮನೆಯಲ್ಲಿ ಯಾರೂ ಇಲ್ಲವೆಂದು ದಿನವೂ ಕೆಳಗಿಳಿದು ಬಂದು ನನ್ನನ್ನು ಗದರುತ್ತಾರೆ. ನನಗೂ ಗದರುವವರು ಬೇರೆ ಯಾರಿದ್ದಾರೆ? ಲ್ಯಾಪ್‌ಟಾಪ್ ಎತ್ತಿಕೊಂಡು ಹಿಂದೆ ಹೊರಟೆ.

ಮನೆ ಅಚ್ಚುಕಟ್ಟಾಗಿತ್ತು. ಕಿಟಕಿಯ ಪಕ್ಕ ನೆಲದ ಮೇಲೆ ಮಗು ಒಂದು ಸ್ಟೀಲ್ ಮುಚ್ಚಳವನ್ನು ಗಿರಗಿರನೆ ತಿರುಗಿಸುತ್ತಿತ್ತು. ನಾವು ಇಷ್ಟು ಜನ ಒಳಗೆ ಬಂದರೂ ತಲೆ ಎತ್ತಲಿಲ್ಲ.

ತಾಯಿ ಲೋಟ ಹಿಡಿದು ನಿಂತಿದ್ದರು. ರೈಲು ನಿಲ್ದಾಣದ ಮೈಕಿನಲ್ಲಿ ಗಾಡಿಗಳ ಹೊತ್ತು ಹೇಳುವ ದನಿ ಇವರದೇ. ಆ ದನಿ ಕೇಳಿದರೆ ಪ್ಲಾಟ್‌ಫಾರ್ಮಿನ ಅಷ್ಟೂ ಜನ ತಲೆಯೆತ್ತುತ್ತಾರೆ. ಅದು ನನ್ನ ಅಂಗಡಿಯವರೆಗೂ ಕೇಳುತ್ತದೆ. ಒಬ್ಬನೇ ಕೂತ ಸಂಜೆಗಳಲ್ಲಿ ಮನೆಯವರು ಯಾರೋ ಮಾತಾಡಿಸಿದಂತೆ ಅನಿಸುತ್ತದೆ.

“ಗಾಬರಿ ಬೇಡಮ್ಮ, ಎಲ್ಲದರ ಕಾಪಿ ನನ್ನ ಹತ್ರ ಇದೆ,” ಎಂದೆ.

ಬಾಯಿಯತ್ತ ಹೋಗುತ್ತಿದ್ದ ಲೋಟ ಅಲ್ಲೇ ನಿಂತಿತು. ನಾನೊಬ್ಬ ದಡ್ಡ, ಖುಷಿಗೆ ಅಂದುಕೊಂಡೆ.

ಇನ್‌ಸ್ಪೆಕ್ಟರಮ್ಮ ಆಯಮ್ಮನ ಕಡೆ ತಿರುಗಿದರು.

“ಮಗೂನ ಗದರ್ತಿದ್ಯಾ?”

“ಗದರೋದಾ? ಕರೆದೂ ಕರೆದೂ ನನ್ನ ಗಂಟಲು ಬಿದ್ದೋಯ್ತು. ತಿರುಗಿದ್ರೆ ತಾನೇ ಗದರೋದು?”

“ಕಿವಿ?”

ತಾಯಿ ಲೋಟವನ್ನು ಉಗುರಿನಿಂದ ಟಕ್ ಎಂದು ತಟ್ಟಿ, ಉಸಿರೆಳೆದುಕೊಂಡು ಹೇಳಿದರು: “ಪರೀಕ್ಷೆ ಮಾಡಿಸಿದೀವಿ. ಕಿವಿ ಸರಿಯಾಗಿದೆ.”

ನಿಜವೇ. ಅಡುಗೆಮನೆಗೆ ಹೋದ ಆಯಮ್ಮ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸಣ್ಣ ಸದ್ದಿಗೇ ಮಗು ಥಟ್ಟನೆ ಅತ್ತ ತಿರುಗಿತು.

ಟ್ಯಾಬ್ ಮತ್ತು ಲ್ಯಾಪ್‌ಟಾಪನ್ನು ಅಕ್ಕಪಕ್ಕ ಇಟ್ಟುಕೊಂಡು ಇನ್‌ಸ್ಪೆಕ್ಟರಮ್ಮ ಕೂತರು. ಒಂದೊಂದಾಗಿ ನೋಡಿದರು. ಎಂಜಿನಿಯರು ಕುರ್ಚಿಯಿಂದ ಎದ್ದರು.

“ನೋಡಿ, ಅಳಿಸಿರೋದ್ರಲ್ಲೆಲ್ಲಾ ಆಯಮ್ಮ ಇದಾಳೆ! ನಾನು ಹೇಳ್ಲಿಲ್ವಾ?”

“ಉಳಿದಿರೋದ್ರಲ್ಲೂ ಇದಾಳಲ್ಲ. ಹಾಡು ಹೇಳ್ಕೊಂಡು ಕಾಲ ಮೇಲೆ ತೂಗ್ತಿದಾಳೆ, ಮಗು ನಗ್ತಿದೆ. ಅದನ್ಯಾಕೆ ಬಿಟ್ರು? ಕೂತ್ಕೊಳ್ಳಿ ನೀವು. ಇದನ್ನ ನೋಡಿ— ಇದನ್ನ ಪೂರ್ತಿ ಅಳಿಸಿಲ್ಲ, ಬಾಲ ಕತ್ತರಿಸಿದಾರೆ.”

ಟ್ಯಾಬಿನಲ್ಲಿ ಮಗು ಮುಚ್ಚಳ ತಿರುಗಿಸುತ್ತ ನಗುತ್ತಿತ್ತು. ಟಕ್ ಎಂಬ ಸದ್ದು. ಯಾರೋ ಉಸಿರೆಳೆದುಕೊಂಡರು. ಅಷ್ಟಕ್ಕೇ ಮುಗಿಯಿತು.

ನನ್ನ ಕಾಪಿಯಲ್ಲಿ ಅದು ಮುಂದುವರಿಯಿತು. “ಪುಟ್ಟಾ!” ಎಂದಿತು ನಿಲ್ದಾಣದ ಆ ಸ್ಪಷ್ಟ ದನಿ. ಮಗು ತಿರುಗಲಿಲ್ಲ. “ಪುಟ್ಟಾ… ಇಲ್ನೋಡು ಕಂದಾ!” ಇಲ್ಲ. ಒಂದು ಕೈ ಕಿಟಕಿಯತ್ತ ಬೆರಳು ತೋರಿತು: “ಅಲ್ಲಿ ಪಾರಿವಾಳ!” ಮಗು ಬೆರಳನ್ನೂ ನೋಡಲಿಲ್ಲ, ಹಕ್ಕಿಯನ್ನೂ ನೋಡಲಿಲ್ಲ. ನಿಂತುಹೋದ ಮುಚ್ಚಳದ ಮೇಲೆ ಆ ಕೈಯನ್ನೇ ಎಳೆದು ಇಟ್ಟಿತು, ಕೈಯ ಒಡತಿಯ ಮುಖವನ್ನು ಮಾತ್ರ ನೋಡದೆ. ಇದೇ ತುಣುಕಿಗೆ ಚಂದದ ಸಂಗೀತ ಹಾಕಬೇಕೆಂದು ನಾನು ಯೋಚಿಸಿದ್ದೆ!

“ಅಳಿಸಿರೋ ಪ್ರತಿಯೊಂದರಲ್ಲೂ ಇದೇ ಕಥೆ,” ಎಂದರು ಇನ್‌ಸ್ಪೆಕ್ಟರಮ್ಮ. “ಯಾರೋ ಕರೀತಾರೆ, ಮಗು ತಿರುಗಲ್ಲ. ಹಗಲೆಲ್ಲಾ ಕರೆಯೋಳು ಆಯಮ್ಮ, ಅದಕ್ಕೇ ಅವಳೇ ಜಾಸ್ತಿ ಕಾಣ್ತಾಳೆ. ನೀವು ಕರೆಯೋರನ್ನ ನೋಡಿದ್ರಿ, ತಿರುಗದೇ ಇರೋನನ್ನ ನೋಡ್ಲಿಲ್ಲ. ಇನ್ನು ಈ ‘ಟಕ್’. ಮೈಕಿನ ಮುಂದೆ ಮಾತಾಡೋರು ಉಗುರಲ್ಲಿ ಮೈಕ್ ತಟ್ಟಿ, ಉಸಿರು ತಗೊಂಡು, ಆಮೇಲೆ ಬಾಯಿ ಬಿಡ್ತಾರೆ. ಈಗ ತಾನೇ ಲೋಟದ ಮೇಲೂ ಕೇಳಿಸ್ತು. ಆಯಮ್ಮ ಅಳಿಸಿದ್ರೆ ಇದಕ್ಕೆ ಕೈ ಹಾಕ್ತಾನೇ ಇರ್ಲಿಲ್ಲ, ಅವಳು ಇದರಲ್ಲಿ ಇಲ್ವೇ ಇಲ್ಲ. ಇದನ್ನ ಕತ್ತರಿಸಿದವರಿಗೆ ಮಗನ ನಗು ಬೇಕಿತ್ತು, ತಮ್ಮ ಕರೆ ಬೇಡವಾಗಿತ್ತು. ಅಮ್ಮಾ, ಅಳಿಸಿದ್ದು ನೀವು.”

ಆಕೆ ಲೋಟ ಕೆಳಗಿಟ್ಟರು. ಗಂಡನನ್ನು ನೋಡಿ ಹೇಳತೊಡಗಿದರು.

“ಹಡಗಿಂದ ಫೋನ್ ಮಾಡಿದಾಗೆಲ್ಲಾ ಕೇಳ್ತಿದ್ರಿ, ಕರೆದ್ರೆ ತಿರುಗ್ತಾನಾ ಅಂತ. ತಿರುಗ್ತಾನೆ ಅಂದೆ. ಟಾಟಾ ಮಾಡ್ತಾನಾ ಅಂದ್ರಿ. ಮಾಡ್ತಾನೆ ಅಂದೆ. ಮೊದಲು ಮಾಡ್ತಾ ಇದ್ದ ರೀ… ಆಮೇಲೆ ನಿಲ್ಲಿಸಿಬಿಟ್ಟ. ಊರಿಗೆಲ್ಲಾ ಕೇಳೋ ದನಿ ನಂದು, ನನ್ನ ಮಗನಿಗೆ ಬೇಡವಾಯ್ತಲ್ಲ ಅಂತ ಹ್ಯಾಗೆ ಹೇಳ್ಲಿ? ಅಷ್ಟು ದೂರದಲ್ಲಿ ನೀವು ಒಬ್ಬರೇ ಇದ್ರಿ.”

“ಇಲ್ಲಿ ನೀನೂ ಒಬ್ಬಳೇ ಇದ್ಯಲ್ಲೇ,” ಎಂದರು ಎಂಜಿನಿಯರು.

ಇನ್‌ಸ್ಪೆಕ್ಟರಮ್ಮನ ದನಿಯಲ್ಲಿ ಗದರಿಕೆ ಇರಲಿಲ್ಲ. “ಅವನಿಗೆ ನಿಮ್ಮ ದನಿ ಬೇಡ ಅಂತಲ್ಲಮ್ಮ. ಇದು ಆಟಿಸಂನ ಮೊದಲ ಸೂಚನೆ ಇರಬಹುದು, ಇಲ್ಲದೆಯೂ ಇರಬಹುದು. ಹೇಳ್ಬೇಕಾದವರು ಡಾಕ್ಟರು. ಬೇಗ ಗೊತ್ತಾದ್ರೆ ಅವನಿಗೆ ಬೇಗ ಸಹಾಯ ಸಿಗುತ್ತೆ. ನೀವು ಅಳಿಸಿದ್ರಲ್ಲ, ಅವರಿಗೆ ಬೇಕಾಗಿರೋದೇ ಅವು.”

ತಾಯಿ ಆಯಮ್ಮನ ಕೈ ಹಿಡಿದುಕೊಂಡರು. “ನಿನ್ನ ಮೇಲೆ ಅಪವಾದ ಬಂದಾಗಲೂ ನಾನು ಬಾಯಿ ಬಿಡ್ಲಿಲ್ಲ. ತಪ್ಪಾಯ್ತು.”

ಆಯಮ್ಮ ಸೆರಗಿನಿಂದ ಮೂಗೊರೆಸಿಕೊಂಡು, “ಅಡುಗೆಗೆ ಇಡ್ಲಾ, ಬೇಡ್ವಾ? ಮೊದಲು ಅದನ್ನ ಹೇಳಿ,” ಎಂದಳು.

ನಾನು ಅಳಿಸಿಹೋಗಿದ್ದನ್ನೆಲ್ಲ ಟ್ಯಾಬಿಗೆ ಮತ್ತೆ ತುಂಬಿಸಿದೆ. ಅಷ್ಟರಲ್ಲಿ ಮುಚ್ಚಳ ನಿಂತಿತು. ಮಗು ತೆವಳಿ ಬಂದು, ಮುಖ ನೋಡದೆಯೇ ತಾಯಿಯ ಕೈ ಎಳೆಯಿತು. ಆಕೆ ಅಭ್ಯಾಸಬಲದಿಂದ ಉಸಿರೆಳೆದುಕೊಂಡರು. ಆದರೆ ಕರೆಯಲಿಲ್ಲ. ನೆಲಕ್ಕೆ ಕೂತು ಮುಚ್ಚಳ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಎಂಜಿನಿಯರೂ ಪಕ್ಕದಲ್ಲಿ ಬಂದು ಕೂತರು.

ಇನ್‌ಸ್ಪೆಕ್ಟರಮ್ಮ ವಾಪಸ್ ಬರುವ ದಾರಿಯುದ್ದಕ್ಕೂ ನನ್ನನ್ನು ಒಮ್ಮೆಯೂ ಗದರಲಿಲ್ಲ. ಕೋಣೆಗೂ ಹೋಗದೆ ಅಂಗಡಿಯ ಸ್ಟೂಲಿನ ಮೇಲೆಯೇ ಕೂತರು. ಸಂಜೆ ನಿಲ್ದಾಣದ ಮೈಕು ಗಾಡಿ ಬರುವ ಹೊತ್ತು ಹೇಳಿತು. ದನಿ ಬೇರೆ ಯಾರದೋ ಆಗಿತ್ತು.