ಅಳಿಸದೆ ಬಿಟ್ಟ ಒಂಬತ್ತು ಹಾಡು

೨೦೨೫ರ ಜೂನ್ ೧೧, ಬುಧವಾರ. ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಲಾಸ್ಯ ಎಂಬ ಯುವತಿ ದೂರು ಹಿಡಿದು ಠಾಣೆಗೆ ಬಂದಳು. ಒಂಟಿಕೊಪ್ಪಲಿನ ಸೋಬಾನೆ ಸಂಗ್ರಹ ಕೇಂದ್ರದಲ್ಲಿ ಅವಳಿಗೆ ಕೆಲಸ. ರೆಕಾರ್ಡರ್ ಮುಂದೆ ಹಾಡಲು ಅಜ್ಜಿಯರು ಒಲ್ಲೆ ಅನ್ನುತ್ತಾರೆ. ಹಾಗಾಗಿ ಎದುರು ಕೂತು ಕೇಳುತ್ತಲೇ ಟೈಪ್ ಮಾಡಬೇಕು. ಹಾಡಿಗೊಂದು ಫೈಲು, ಅದರಲ್ಲಿ ಹಾಡಿದವರ ಹೆಸರು, ಬರೆದುಕೊಂಡವರ ಹೆಸರು.

"ನಾನು ಬರ್ಕೊಂಡಿದ್ದು ಹೆಚ್ಚುಕಮ್ಮಿ ಎಲ್ಲಾ ಹೋಗ್ಬುಟ್ಟಿದೆ ಸಾರ್. ಎರಡು ತಿಂಗಳಿಂದೀಚೆಗಿನದಕ್ಕೆ ನಕಲೂ ಇಲ್ಲ. ಹಾಡ್ದೋರಲ್ಲಿ ಇಬ್ರು ತೀರ್ಕೊಂಡ್ರು. ಇನ್ಯಾರನ್ನ ಕೇಳ್ಲಿ?"

ಇನ್ಸ್‌ಪೆಕ್ಟರ್ ಯೋಗೇಂದ್ರ ಎಫ್‌ಐಆರ್ ದಾಖಲಿಸಿದರು. ಮಧ್ಯಾಹ್ನ ಪಂಚನಾಮೆ ನಡೆಸಿ, ಕಚೇರಿಯ ಕಂಪ್ಯೂಟರನ್ನೂ ಏಪ್ರಿಲ್‌ವರೆಗಿನ ನಕಲಿದ್ದ ಡಿಸ್ಕನ್ನೂ ವಶಕ್ಕೆ ಪಡೆದರು. ಕಂಪ್ಯೂಟರ್ ಬಲ್ಲ ಕಾನ್‌ಸ್ಟೇಬಲ್ ರೋಸ್ಲಿನ್ ಎರಡರ ಪ್ರತಿಯನ್ನೂ ಮುಂದಿಟ್ಟುಕೊಂಡು ಕೂತಳು.

"ನಾಲ್ಕು ಸಾವಿರ ಫೈಲು ಕಣಮ್ಮ. ನೀನು ನೋಡಿ ಮುಗಿಸೋದ್ರಲ್ಲಿ ನಾನು ರಿಟೈರ್ ಆಗಿರ್ತೀನಿ."

"ನಾನ್ಯಾಕೆ ನೋಡ್ಲಿ ಸಾರ್? ಪ್ರತಿ ಫೈಲಿಗೂ ಹೋಗು, ಲಾಸ್ಯ ಅನ್ನೋ ಹೆಸರಿದ್ರೆ ಹೇಳು ಅಂತ ನಾಲ್ಕು ಸಾಲು ಸ್ಕ್ರಿಪ್ಟ್ ಬರೆದ್ರೆ ಅದೇ ಸುತ್ತು ಹಾಕುತ್ತೆ."

ಯೋಗೇಂದ್ರರ ಕಾಫಿ ಆರುವಷ್ಟರಲ್ಲಿ ಉತ್ತರ ಬಂತು. ಡಿಸ್ಕಿನಲ್ಲಿ ಲಾಸ್ಯಳ ಹೆಸರಿದ್ದ ಫೈಲು ಆರುನೂರ ಹನ್ನೆರಡು. ಕಚೇರಿಯ ಕಂಪ್ಯೂಟರಿನಲ್ಲಿ ಉಳಿದದ್ದು ಒಂಬತ್ತು. ಬೇರೆಯವರದು ಒಂದೂ ಹೋಗಿರಲಿಲ್ಲ.

"ಅಳಿಸ್ದೋರೂ ಇಂಥದ್ದೇ ಸ್ಕ್ರಿಪ್ಟ್ ಓಡ್ಸಿದಾರೆ ಸಾರ್. ನಿನ್ನೆ ಸಂಜೆ ಐದೂ ನಲವತ್ತು, ಎಲ್ಲಾ ಒಂದೇ ನಿಮಿಷದಲ್ಲಿ."

"ಮತ್ತೆ ಈ ಒಂಬತ್ತನ್ಯಾಕೆ ಬುಟ್ರು?"

ರೋಸ್ಲಿನ್ ಅವನ್ನು ತೆರೆದಳು. ಒಂಬತ್ತನ್ನೂ ಹಾಡಿದವರು ಹಿನಕಲ್‌ನ ಶಾಂತಾದೇವಿ. ಯಾರೆಂದು ಲಾಸ್ಯಳನ್ನು ಕೇಳಿದರು.

"ನಮ್ಮ ಆಫೀಸಿನ ಮಹಾಂತೇಶಣ್ಣನ ತಾಯಿ ಸಾರ್. ಮಾರ್ಚಿನಲ್ಲಿ ಹೋಗ್ಬುಟ್ರು. ಆ ಅಣ್ಣನೇ ನಂಗೆ ಕಂಪ್ಯೂಟರ್ ಕಲ್ಸಿದ್ದು."

ಗುರುವಾರ ಹನ್ನೊಂದಕ್ಕೆ ಮಹಾಂತೇಶ ಠಾಣೆಗೆ ಬಂದ.

"ಮೊನ್ನೆ ಸಂಜೆ ಐದೂ ನಲವತ್ತಕ್ಕೆ ಎಲ್ಲಿದ್ರಿ?"

"ಮನೇಲಿ."

"ಕಚೇರಿ ಬೀಗದ ಕೈಯನ್ನ ವಾಚ್‌ಮನ್ ಆರು ಗಂಟೆಗೆ ನಿಮ್ಮತ್ರ ಇಸ್ಕೊಂಡಿದಾನೆ."

ಯೋಗೇಂದ್ರ ವಾಚ್‌ಮನ್‌ನ ಹೇಳಿಕೆಯನ್ನು ಅವನ ಮುಂದಕ್ಕೆ ಸರಿಸಿದರು.

"ಲಾಸ್ಯನ ಹೆಸರಿದ್ರೆ ಅಳ್ಸು, ಅಮ್ಮನ ಹೆಸರಿದ್ರೆ ಬುಡು. ಅಂಗೇ ತಾನೇ ಬರೆದಿದ್ದು?"

ಮಹಾಂತೇಶ ಹೌದೆಂದು ತಲೆಯಾಡಿಸಿದ.

"ಆ ಹುಡುಗಿ ಏನ್ರೀ ಮಾಡಿದ್ಲು ನಿಮಗೆ?"

"ಹತ್ತು ವರ್ಷ ಕೇಳ್ದೆ ಸಾರ್, ಒಂದು ಹಾಡು ಹೇಳವ್ವ ಅಂತ. ನಂಗೆಲ್ಲಿ ಬತ್ತದೆ ಹೋಗೋ ಅಂತಿದ್ಲು. ಇವಳು ಒಂದಿನ ಮನೆಗೆ ಬಂದು, ಅವ್ವನ ಜೊತೆ ಒಸಿ ಹೊತ್ತು ಹೂವು ಕಟ್ಟಿ, ಆಮೇಲೆ ಟೈಪ್ ಮಾಡೋಕೆ ಕೂತ್ಲು. ಅವ್ವ ಒಂದೇ ಮಧ್ಯಾಹ್ನಕ್ಕೆ ಒಂಬತ್ತು ಹೇಳ್ಬುಟ್ಳು. ನಾನು ಅಡುಗೆಮನೇಲಿ ಇವರಿಬ್ರಿಗೂ ಕಾಫಿ ಕಾಯಿಸ್ತಿದ್ದೆ."

ಹನ್ನೆರಡೂ ಐವತ್ತಕ್ಕೆ ದಸ್ತಗಿರಿ ಮಾಡಿದರು. ಕಾಗದಕ್ಕೆ ಸಹಿ ಹಾಕಿ ಮಹಾಂತೇಶ ಪೆನ್ನು ಕೆಳಗಿಟ್ಟ.

"ಸಾರ್, ಆ ಒಂಬತ್ತು ಹಾಡಿಂದು ಒಂದು ಪ್ರಿಂಟ್ ಕೊಡ್ತೀರಾ?"

"ಯಾಕೆ, ನೀವು ಓದಿಲ್ವಾ?"

"ಇಲ್ಲ ಸಾರ್. ಅವ್ವನ ಹೆಸರಿನ ಪಕ್ಕದಲ್ಲಿ ಅವಳ ಹೆಸರು ನೋಡ್ಬೇಕಲ್ಲಾ ಅಂತ ತೆರೀಲೇ ಇಲ್ಲ."

"ಅವೀಗ ಕೇಸಿನ ಸಾಕ್ಷ್ಯ ಕಣ್ರೀ," ಎಂದರು ಯೋಗೇಂದ್ರ. "ಕೋರ್ಟಲ್ಲಿ ಕೇಳ್ಕೋಬೇಕು."